ಕೋರೆಹಲ್ಲಿಲ್ಲದ ಸಾಹುಕಾರ

"ಊಟ ಆತೇನವ್ವಾ?" ಎಂದು ಕೈಮುಗಿದು ನಿಂತವನನ್ನು ಕಂಡು ನನ್ನ ತಾಯಿಯ ಕೈಯಲ್ಲಿದ್ದ ಮೊರ ಜಾರಿಬಿತ್ತು. ಬಳ್ಳಾರಿಯ ತನ್ನ ಅಂಗಡಿಗೆ ಬೀಗ ಜಡಿದು, ನಂಬಿದವರ ಗಂಟನ್ನೆಲ್ಲ ನುಂಗಿ ಪರಾರಿಯಾದ ಸಾಹುಕಾರನೇ ಕುರುಗೋಡಿನ ನಮ್ಮ ಬಾಗಿಲಿಗೆ ಬಂದಂತಿತ್ತು. ಅದೇ ಬಿಳಿ ಧೋತರ, ಅದೇ ಮೆತ್ತನೆಯ ನಗು. ಅವನ ಬೆನ್ನ ಹಿಂದೆ ನಿಂತಿದ್ದ ಮದ್ದಳೆಯವನನ್ನು ಕಂಡ ಮೇಲೆಯೇ, ಇವನು ಸಿರುಗುಪ್ಪದಿಂದ ಬಂದ ಹಗಲುವೇಷದವನೆಂದು ನಮಗೆ ತಿಳಿದದ್ದು.

ಬಯಲಾಟದವರು ತಮ್ಮ ಆಟದಲ್ಲಿ ಆ ಸಾಹುಕಾರನ ಪಾತ್ರಕ್ಕೆ ರಕ್ಕಸನ ಬಣ್ಣ ಬಳಿದು, ಕೋರೆಹಲ್ಲು ಕಟ್ಟಿ ಕುಣಿಸುತ್ತಿದ್ದರು. ನನಗೆ ಆ ಬಣ್ಣದ ಮೇಲೇ ಸಿಟ್ಟು. ಆಟ ನೋಡಿ ಬಂದವರೆಲ್ಲ, "ಇಂಥವನ್ನ ಹೆಂಗ ನಂಬಿದಿಯವ್ವಾ?" ಎಂದು ತಾಯಿಯನ್ನೇ ಹಂಗಿಸುತ್ತಿದ್ದರು. ತನ್ನ ಬಂಗಾರವನ್ನೆಲ್ಲ ಅವನ ಕೈಗಿಟ್ಟಿದ್ದ ಆಕೆ ನಾಚಿಕೆಯಿಂದ ನೀರಿಗೆಂದು ಬಾವಿಗೆ ಹೋಗುವುದನ್ನೇ ಬಿಟ್ಟಿದ್ದಳು.

ಅಂದೂ ಜನ ಸೇರಿತು. ನೆರೆಮನೆಯ ಗೌಡರು ವೇಷದವನನ್ನು ಗದರಿದರು: "ಏನಲೇ, ಕ್ವಾರಿಹಲ್ಲು ಮರತು ಬಂದಿಯೇನು?"

ಅವನು ಅದೇ ನಗುವಿನಲ್ಲಿ ಹೇಳಿದ: "ಕ್ವಾರಿಹಲ್ಲು ಇದ್ದಿದ್ರ ಈ ತಾಯಿ ಗಂಟು ಕೊಡ್ತಿದ್ದಳೇನ್ರಿ ಗೌಡ್ರ? ನೀವರ ಕೊಡ್ತಿದ್ರೇನು?"

ಗೌಡರ ಮುಖ ಕಪ್ಪಿಟ್ಟಿತು. ಅವರೂ ಗುಟ್ಟಾಗಿ ಕೊಟ್ಟಿದ್ದರೆಂಬುದು ಆ ಮುಖ ನೋಡಿಯೇ ಇಡೀ ಬೀದಿಗೆ ತಿಳಿಯಿತು. ತಾಯಿ ಜೋರಾಗಿ ನಕ್ಕಳು. ಬಿದ್ದ ಮೊರವನ್ನು ಎತ್ತಿ, ಅದರ ತುಂಬ ಜೋಳ ತಂದು ವೇಷದವನ ಜೋಳಿಗೆಗೆ ಸುರಿದಳು.

ಬಂಗಾರವೇನೂ ತಿರುಗಿ ಬರಲಿಲ್ಲ. ಆದರೆ ಮರುದಿನ ಬೆಳಿಗ್ಗೆ ನನ್ನ ತಾಯಿ ಕೊಡವನ್ನು ಸೊಂಟಕ್ಕೇರಿಸಿ, ಗೌಡರ ಕಟ್ಟೆಯ ಮುಂದೆಯೇ, ತಲೆಯೆತ್ತಿ ಬಾವಿಗೆ ನಡೆದಳು.