ಬೋಣಿ ಸ್ಟೀಮರ್ ಮತ್ತು ಲಕ್ಷ್ಮೀಪುರಂ ಮನೆ

ಕೋವಿಡ್ ಕಳೆದ ಮರುವರ್ಷ. ನಾನಾಗ ಮೈಸೂರಿನ ಸಣ್ಣ ಉದ್ದಿಮೆದಾರರ ಕಾನೂನು ವ್ಯವಹಾರ ನೋಡಿಕೊಳ್ಳುತ್ತಿದ್ದ ವಕೀಲ. ನನ್ನ ಮಾತು ಅರ್ಧ ಕೇಳಿ, ಉಳಿದರ್ಧಕ್ಕೆ ತಲೆಯಾಡಿಸಿ ಹೋಗುವ ಕಕ್ಷಿದಾರರೇ ಹೆಚ್ಚು. ಮಹದೇವಸ್ವಾಮಿ ಅಂಥವರಲ್ಲೊಬ್ಬರು.

ಕಡಕೊಳದಲ್ಲಿ ಅವರು ಕಲ್ಯಾಣ ಮಂಟಪಗಳಿಗೆ ದೊಡ್ಡ ಇಡ್ಲಿ ಸ್ಟೀಮರ್ ತಯಾರಿಸುತ್ತಿದ್ದರು. ತಂದೆ ಪುಟ್ಟಬಸಪ್ಪ ತೀರಿಕೊಂಡ ಮೇಲೆ ಅವರ ಹೆಸರಿನ ಸಂಸ್ಥೆಗೆ ಮಗನೇ ಪ್ರೊಪ್ರೈಟರ್. ಇಂಥ ಸಂಸ್ಥೆಯಲ್ಲಿ ವ್ಯಾಪಾರವೂ ಮಾಲೀಕನೂ ಒಂದೇ. ವ್ಯಾಪಾರದ ಹೊಣೆಗೆ ಮಾಲೀಕನ ಮನೆಯನ್ನೂ ಜಪ್ತಿ ಮಾಡಬಹುದು. ಆವಿಯ ಜತೆ ಕೆಲಸ ಮಾಡುವವರಿಗೆ ಇದು ಆಗಿಬರುವುದಿಲ್ಲ ಎಂದು ಬೈದು ಬೈದು, ಕೊನೆಗೂ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಸಿದೆ. ಕಾನೂನಿನ ಕಣ್ಣಿಗೆ ಕಂಪನಿ ಬೇರೆಯೇ ವ್ಯಕ್ತಿ. ಅದರ ಹೊಣೆ ಸಾಮಾನ್ಯವಾಗಿ ಅದರ ಆಸ್ತಿಗೇ ನಿಲ್ಲುತ್ತದೆ. ಸರಕಿನ ದೋಷದಿಂದ ಯಾರಿಗಾದರೂ ಪೆಟ್ಟಾದರೆ ಪರಿಹಾರ ಕೊಡುವ ವಿಮೆಯನ್ನೂ ಕಂಪನಿಗೆ ಮಾಡಿಸಿದೆ. ಹಳೆಯ ಸಂಸ್ಥೆ ಮುಚ್ಚಿಬಿಡಿ ಎಂದೆ. ಆಯ್ತು ಸಾರ್ ಎಂದವರು ಮುಚ್ಚಲಿಲ್ಲ.

ಒಂದು ಬೆಳಿಗ್ಗೆ ಅವರ ಫೋನ್ ಬಂತು. ಮದುವೆಯೊಂದರಲ್ಲಿ ಅವರ ಸ್ಟೀಮರ್‌ನ ಬಾಗಿಲು ಸಿಡಿದು, ಅಡುಗೆಯ ರಂಗಸ್ವಾಮಿಯ ಎರಡೂ ಕೈ ಬೆಂದಿದ್ದವು. ವೆಲ್ಡಿಂಗ್ ಬಿಟ್ಟಿತ್ತು, ಅದರಲ್ಲಿ ಅನುಮಾನವೇ ಇರಲಿಲ್ಲ. ವಿಮೆ ಇದೆಯಲ್ಲ ಎಂಬ ಧೈರ್ಯದಿಂದ ಮಂಟಪಕ್ಕೆ ಹೋದೆ. ಸ್ಟೀಮರ್ ಮೇಲಿದ್ದ ಹಿತ್ತಾಳೆ ಫಲಕದಲ್ಲಿ ಕಂಪನಿಯ ಹೆಸರಿರಲಿಲ್ಲ. ‘ಪುಟ್ಟಬಸಪ್ಪ ಇಂಡಸ್ಟ್ರೀಸ್’ ಎಂದಿತ್ತು. ಇದೇನು ಎಂದು ಮಹದೇವಸ್ವಾಮಿಯನ್ನು ಕೇಳಿದೆ.

ಆಯುಧಪೂಜೆ ಕಳೆದ ಮೇಲೆ ತಯಾರಾಗುವ ಮೊದಲ ಸ್ಟೀಮರ್‌ಗೆ ತಂದೆಯ ಫಲಕ ಹೊಡೆದು, ಆ ಹೆಸರಿನಲ್ಲೇ ಬೋಣಿ ಮಾಡುವುದು ಅವರ ಪದ್ಧತಿಯಂತೆ. ವರ್ಷಕ್ಕೊಂದೇ ಒಂದು.

“ಅಪ್ಪನ ಹೆಸ್ರಲ್ಲಿ ಬೋಣಿ ಆಗ್ದೆ ಎಂಗೆ ಸಾರ್ ಶುರು ಮಾಡೋದು?” ಎಂದರು ಮಹದೇವಸ್ವಾಮಿ.

ಸಿಟ್ಟು ನೆತ್ತಿಗೇರಿತು. ಹಳೆಯ ಸಂಸ್ಥೆ ತನ್ನ ಹೆಸರು ಹಾಕಿ ಮಾರಿದ ಸರಕಿಗೆ ಅದರ ಮಾಲೀಕರೇ ಹೊಣೆ. ವಿಮೆ ಇದ್ದದ್ದು ಕಂಪನಿಗೆ ಮಾತ್ರ. ಲಕ್ಷ್ಮೀಪುರಂನ ಮನೆ ಬಿಟ್ಟರೆ ಈ ಮನುಷ್ಯನಿಗೆ ಬೇರೆ ಆಸ್ತಿಯಿರಲಿಲ್ಲ.

ಆ ಸಂಜೆ ಅದೇ ಮನೆಯಲ್ಲಿ ಕೂತಿದ್ದೆವು. ಸ್ಟೀಮರ್ ಪರಿಶೀಲಿಸಲು ವಿಮೆಯ ಸರ್ವೇಯರ್ ಮರುದಿನ ಬರುವವರಿದ್ದರು. ಮಹದೇವಸ್ವಾಮಿಯ ಬಾಮೈದ ಮೆಲ್ಲಗೆ, ಹಳೆಯ ಫಲಕದ ರಿವೆಟ್ ಕಿತ್ತು ಕಂಪನಿಯ ಫಲಕ ಹೊಡೆದರೆ ಮುಗಿಯಿತಲ್ಲ ಎಂದ. ಅದು ಸಾಕ್ಷ್ಯನಾಶ, ಹಾಗೆ ಮಾಡುವುದಾದರೆ ನಾನು ಈಗಲೇ ಎದ್ದು ಹೋಗುತ್ತೇನೆ ಎಂದೆ. ಮಹದೇವಸ್ವಾಮಿ ಬಾಮೈದನಿಗೆ ಬೇಡ ಎನ್ನಲಿಲ್ಲ. ಅವರು ಎಲ್ಲಿ ಹೂಂ ಅಂದುಬಿಡುತ್ತಾರೋ ಎಂದು ನನಗೆ ಭಯವಾಯಿತು.

ಒಳಗಿನಿಂದ ಅವರ ತಾಯಿ ಪಾರ್ವತಮ್ಮ ಬಂದರು. “ಅದನ್ನ ಮುಟ್ಬೇಡ ಕಣೋ,” ಎಂದರು ಮಗನಿಗೆ. “ಮನೆ ಮಾರ್ಬುಡು. ಆ ರಂಗಸ್ವಾಮಿ ಕೈ ಸರಿ ಮಾಡ್ಸು.”

ಆಗ ನನಗೆ ಮನೆಯ ವಿಲ್ ನೆನಪಾಯಿತು. ಪುಟ್ಟಬಸಪ್ಪನವರು ಅರ್ಧ ಮಗನಿಗೆ, ಅರ್ಧ ಹೆಂಡತಿಗೆ ಬರೆದಿದ್ದರು. ತಾಯಿಗೆ ವ್ಯಾಪಾರದಲ್ಲಿ ಪಾಲಿರಲಿಲ್ಲ, ಆದ್ದರಿಂದ ಹೊಣೆಯೂ ಇರಲಿಲ್ಲ. ನಿಮ್ಮ ಅರ್ಧ ಮನೆಯನ್ನು ಯಾವ ನ್ಯಾಯಾಲಯವೂ ಮುಟ್ಟುವಂತಿಲ್ಲ ಅಮ್ಮ ಎಂದು ಸಂತೋಷದಿಂದಲೇ ಹೇಳಿದೆ.

ಮಾಲೀಕನನ್ನು ವ್ಯಾಪಾರದಿಂದ ಬೇರೆ ಮಾಡಲು ಕಾನೂನಿನಲ್ಲಿ ದಾರಿಗಳಿವೆ. ಆದರೆ ಕಂಪನಿ ನೋಂದಾಯಿಸಿದರೆ ಸಾಲದು, ಮಾಡುವ ಪ್ರತಿ ವ್ಯಾಪಾರವೂ ಅದರ ಹೆಸರಿನಲ್ಲೇ ಆಗಬೇಕು. ನನ್ನ ವೃತ್ತಿ ಕಲಿಸಿದ ಪಾಠ ಅದು. ಅರ್ಧ ಮನೆಯನ್ನಾದರೂ ಉಳಿಸಿಕೊಳ್ಳಲು ಅವತ್ತು ಉಳಿದಿದ್ದ ಒಂದೇ ದಾರಿಯನ್ನು ನಾನು ತೋರಿಸಿದಾಗ ಪಾರ್ವತಮ್ಮ ಅದನ್ನೂ ಬೇಡವೆಂದರು.

“ನಂದೂ ಸೇರ್ಸೇ ಮಾರ್ಬುಡಿ ವಕೀಲ್ರೇ. ಆ ಫಲಕದ ಮೇಲಿರೋದು ನನ್ ಯಜಮಾನ್ರ ಹೆಸ್ರು.”