ಫೈಲಮ್ಮ ಮೂರನೇ ಮಹಡಿ ಹತ್ತಿದ್ದು

ನಮ್ಮ ಕಟ್ಟಡದಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರಿಲ್ಲ. ಆಸ್ಪತ್ರೆಯೊಂದರ ದಾಖಲೆ ಕೋಣೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ಯಾವ ರೋಗಿಯ ಹಳೆಯ ಕಾಗದ ಕೇಳಿದರೂ ಏಣಿ ಹತ್ತಿ ಎರಡೇ ನಿಮಿಷದಲ್ಲಿ ತೆಗೆದುಕೊಡುತ್ತಿದ್ದರಂತೆ. ಹಾಗಾಗಿ ಎಲ್ಲರಿಗೂ ಅವರು ಫೈಲಮ್ಮ. ನಿವೃತ್ತಿಯಾದರೂ ಚಾಳಿ ಬಿಡಲಿಲ್ಲ. ಅಡುಗೆಮನೆಯ ಪ್ರತಿ ಡಬ್ಬಕ್ಕೂ ತಾರೀಖು ಬರೆದ ಚೀಟಿ. ಬಸ್ ಓಡಿಸಿ ನಿವೃತ್ತರಾದ ಅವರ ಯಜಮಾನರು, "ನನ್ನ ಬೆನ್ನಿಗೂ ಒಂದು ಅಂಟಿಸಿಬಿಡು ಕಣೇ, ಕಳೆದುಹೋದ್ರೆ ಯಾರಾದ್ರೂ ತಂದ್ಕೊಡ್ತಾರೆ" ಎನ್ನುತ್ತಿದ್ದರು.

ಇಂಥವರು ನಿವಾಸಿಗಳ ಸಂಘದ ಕಾರ್ಯದರ್ಶಿಯಾದದ್ದು ಸಭೆಗೆ ಹೋಗದೆ ಇದ್ದ ತಪ್ಪಿಗೆ. ಹಾಜರಿದ್ದವರೆಲ್ಲ ತಲೆ ತಗ್ಗಿಸಿ ಕೂತರು, ಗೈರುಹಾಜರಾದವರ ತಲೆಗೆ ಪಟ್ಟ ಕಟ್ಟಿದರು.

ಪಟ್ಟವೇನೋ ಬಂತು, ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ. ಹನ್ನೊಂದು ವರ್ಷದ ಸಭೆಯ ಪುಸ್ತಕಗಳು, ಲಿಫ್ಟಿನ ಪರವಾನಗಿ, ಕಟ್ಟಡದ ನಕ್ಷೆ, ಪತ್ರಗಳು, ಎಲ್ಲವೂ ಮೂರನೇ ಮಹಡಿಯಲ್ಲಿ ಹಿಂದಿನ ಕಾರ್ಯದರ್ಶಿಯ ಮನೆಯಲ್ಲಿದ್ದವು. ಅವರು ನಿವೃತ್ತ ಪೋಸ್ಟ್ ಮಾಸ್ಟರು. ಎಂಟು ತಿಂಗಳ ಹಿಂದಿನ ಚುನಾವಣೆಯಲ್ಲಿ ಸೋತಿದ್ದರು. ಹೊಸ ಅಧ್ಯಕ್ಷರಾದ ಹಲ್ಲಿನ ಡಾಕ್ಟರು ಮರುದಿನವೇ ಎಲ್ಲರ ಮೊಬೈಲಿಗೂ ಹೋಗುವಂತೆ "ಸಂಘದ ಸ್ವತ್ತನ್ನು ಮೂರು ದಿನದೊಳಗೆ ಒಪ್ಪಿಸಬೇಕು" ಎಂದು ಬರೆದರು. ಅದೂ ಸಾಲದೆಂಬಂತೆ ವಾಚ್‌ಮನ್ನನ ಕೈಗೆ ಗೋಣಿಚೀಲ ಕೊಟ್ಟು ಮೇಲೆ ಕಳಿಸಿದರು. ಪೋಸ್ಟ್ ಮಾಸ್ಟರು ಗೋಣಿಚೀಲವನ್ನೊಮ್ಮೆ ನೋಡಿ ಬಾಗಿಲು ಹಾಕಿಕೊಂಡರು. ಆಮೇಲೆ ಆ ಬಾಗಿಲು ಸಂಘದವರಿಗೆ ತೆರೆಯಲೇ ಇಲ್ಲ. ಅವರನ್ನು ಸೋಲಿಸಿ ಕಾರ್ಯದರ್ಶಿಯಾದವನು ಎರಡು ಸಲ ತಟ್ಟಿ, ಬೇಸತ್ತು ರಾಜೀನಾಮೆ ಕೊಟ್ಟ. ಆ ಜಾಗಕ್ಕೇ ಫೈಲಮ್ಮ ಬಂದದ್ದು.

ಅಷ್ಟರಲ್ಲಿ ನೆಲಮಹಡಿಯ ಟೈಲರಮ್ಮನ ಮನೆಯ ಗೋಡೆ ಒದ್ದೆಯಾಗತೊಡಗಿತು. ಮೊದಲು ಅಂಗೈಯಗಲದ ಕಲೆ, ತಿಂಗಳೊಳಗೆ ಬಾಗಿಲಷ್ಟು. ಗಿರಾಕಿಗಳ ಬಟ್ಟೆಯನ್ನೆಲ್ಲ ಮಂಚದ ಮೇಲೆ ರಾಶಿ ಹಾಕಿ ಆಕೆ ಕುರ್ಚಿಯಲ್ಲಿ ನಿದ್ದೆ ಮಾಡುತ್ತಿದ್ದಳು. ಪ್ಲಂಬರ್ ಬಂದು ಗೋಡೆಗೆ ಕಿವಿಯಿಟ್ಟು, "ಒಳಗೆ ಪೈಪ್ ಎಲ್ಲಿ ಹೋಗಿದೆ ಅಂತ ನಕ್ಷೆ ಕೊಡಿ, ಒಂದು ತೂತಲ್ಲಿ ಮುಗಿಸ್ತೀನಿ. ಇಲ್ಲಾಂದ್ರೆ ಗೋಡೆ ಪೂರ್ತಿ ಒಡೀಬೇಕು" ಎಂದ.

ಹಲ್ಲಿನ ಡಾಕ್ಟರು ವಕೀಲರ ನೋಟಿಸಿನ ಕರಡು ಹಿಡಿದು ಫೈಲಮ್ಮನ ಮನೆಗೆ ಬಂದರು. "ನೀವೊಂದು ಸಹಿ ಹಾಕಿಬಿಡಿ ಮೇಡಂ. ಬುದ್ಧಿ ಬರುತ್ತೆ."

ಫೈಲಮ್ಮ ಓದಿ ಮಡಚಿಟ್ಟರು. "ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ ಡಾಕ್ಟ್ರೇ? ನಾನೊಂದ್ಸಲ ಹೋಗಿಬರ್ತೀನಿ."

ಮರುದಿನ ಬೆಳಿಗ್ಗೆ ಹತ್ತಕ್ಕೆ ಒಂದು ಉದ್ದನೆಯ ನೋಟ್‌ಬುಕ್ಕು, ಅಳತೆಪಟ್ಟಿ, ಎರಡು ಕಾರ್ಬನ್ ಹಾಳೆ ಹಿಡಿದು ಮೂರನೇ ಮಹಡಿ ಹತ್ತಿದರು. ಕರೆಗಂಟೆ ಒತ್ತಿ ಕಾದರು. ಪೋಸ್ಟ್ ಮಾಸ್ಟರು ಬಾಗಿಲನ್ನು ಒಂದು ಗೇಣು ತೆರೆದರು.

"ಕಾಗದಕ್ಕೆ ಬಂದಿರೋದಾದ್ರೆ ಸುಮ್ನೆ ಹೋಗಿ ತಾಯಿ."

"ತಗೊಂಡು ಹೋಗೋಕೆ ಬಂದಿಲ್ಲ ಸರ್, ಪಟ್ಟಿ ಮಾಡೋಕೆ ಬಂದಿದೀನಿ. ಒಂದೊಂದನ್ನೂ ನೀವು ತೋರಿಸಿ, ನಾನು ಬರೀತೀನಿ. ಎರಡು ಪ್ರತಿ. ಎಲ್ಲ ಮುಗಿದ ಮೇಲೆ ಅಧ್ಯಕ್ಷರು ಮೇಲೆ ಬಂದು ನಿಮ್ಮೆದುರು ಸಹಿ ಹಾಕ್ತಾರೆ. ಆಮೇಲೇ ಇಲ್ಲಿಂದ ಒಂದು ಚೂರು ಆಚೆ ಹೋಗೋದು."

ಅವರು ಕಾರ್ಬನ್ ಹಾಳೆಯನ್ನೇ ನೋಡುತ್ತ ನಿಂತರು. "ನಲವತ್ತು ವರ್ಷ ಸಹಿ ಇಲ್ದೆ ಒಂದು ರಿಜಿಸ್ಟರ್ ಪತ್ರ ಕೊಟ್ಟವನಲ್ಲ ನಾನು. ನನ್ನ ಹತ್ರ ಗೋಣಿಚೀಲ ಕಳಿಸಿದ್ರು" ಎಂದರು. ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. ಬಾಗಿಲು ಪೂರ್ತಿ ತೆರೆಯಿತು.

ಒಳಕೋಣೆಯ ಬೀರುವಿನಲ್ಲಿ ಕಾಗದಗಳನ್ನು ವರ್ಷವಾರು ಜೋಡಿಸಿಟ್ಟಿದ್ದರು. ಪ್ರತಿ ಕಟ್ಟಿಗೂ ಬಿಳಿ ದಾರ, ದಾರಕ್ಕೊಂದು ರಟ್ಟಿನ ಬಿಲ್ಲೆ. ಫೈಲಮ್ಮನಿಗೆ ಮೈ ಜುಮ್ಮೆಂದಿತು. ಆಸ್ಪತ್ರೆ ಬಿಟ್ಟ ಮೇಲೆ ಇಷ್ಟು ಒಪ್ಪವಾದ ಕಪಾಟನ್ನು ಅವರು ಕಂಡಿರಲಿಲ್ಲ.

ದಿನಾ ಹತ್ತರಿಂದ ಹನ್ನೆರಡರವರೆಗೆ ಕೆಲಸ. ಮೊದಲೆರಡು ದಿನ ಕಡತದ ಸಂಖ್ಯೆ ಬಿಟ್ಟರೆ ಮಾತಿಲ್ಲ. ಮೂರನೆಯ ದಿನ ಪೋಸ್ಟ್ ಮಾಸ್ಟರ ಹೆಂಡತಿ ಚಹಾ ತಂದಿಟ್ಟು ಅಲ್ಲೇ ಕೂತರು. ನಾಲ್ಕನೆಯ ದಿನ ನಿವಾಸಿಗಳ ದೂರುಗಳ ಕಟ್ಟು ಬಿಚ್ಚಿದಾಗ ಫೈಲಮ್ಮನ ಕೈಗೆ ತಮ್ಮದೇ ಅಕ್ಷರದ ಕಾಗದ ಬಂತು. ಆರು ವರ್ಷದ ಹಿಂದಿನದು. ಮೆಟ್ಟಿಲ ದೀಪ ಕೆಟ್ಟು ಅವರ ಅತ್ತೆ ಜಾರಿ ಬಿದ್ದಿದ್ದಾಗ ಸಿಟ್ಟಿನ ಭರದಲ್ಲಿ ಬರೆದದ್ದು. ಕೊನೆಯ ಸಾಲು ಹೀಗಿತ್ತು: "ಕಾರ್ಯದರ್ಶಿಗಳಿಗೆ ಕಣ್ಣು ಇದೆಯೋ, ಅದೂ ಕೆಟ್ಟಿದೆಯೋ?" ಅದರ ಕೆಳಗೆ ಕೆಂಪು ಶಾಯಿಯಲ್ಲಿ ಪೋಸ್ಟ್ ಮಾಸ್ಟರ ಟಿಪ್ಪಣಿ: "ಅದೇ ದಿನ ಹೊಸ ದೀಪ ಹಾಕಿಸಿದೆ. ಮಾತು ಖಾರ, ವಿಷಯ ನಿಜ."

ಫೈಲಮ್ಮನ ಮುಖ ಕೆಂಪಾಯಿತು. "ಇಷ್ಟು ಒರಟಾಗಿ ಬರೆದಿದ್ದೆ ಅಂತ ನನಗೇ ನೆನಪಿರಲಿಲ್ಲ ಸರ್."

"ಹರಿದುಹಾಕ್ತೀರಾ?"

"ಅಯ್ಯೋ, ಎಲ್ಲಾದ್ರೂ ಉಂಟಾ! ದಾಖಲೆ ದಾಖಲೆಯೇ" ಎಂದು ಅದನ್ನೂ ಪಟ್ಟಿಗೆ ಸೇರಿಸಿದರು. ಪೋಸ್ಟ್ ಮಾಸ್ಟರು ಅಂದು ಮೊದಲ ಸಲ ನಕ್ಕರಂತೆ.

ಏಳನೆಯ ದಿನ ನಕ್ಷೆಗಳ ಸರದಿ. ಹೊದಿಕೆಯ ಮೇಲೆ ಏಳು ಹಾಳೆ ಎಂದಿತ್ತು, ಒಳಗಿದ್ದದ್ದು ಆರು. ಇಲ್ಲದಿದ್ದದ್ದು ನೀರಿನ ಪೈಪಿನ ಹಾಳೆ. ಪೋಸ್ಟ್ ಮಾಸ್ಟರು ಮೂರು ಸಲ ಎಣಿಸಿದರು. ಬೀರು ಖಾಲಿ ಮಾಡಿ ತಡಕಿದರು. ಕೊನೆಗೆ ಮಂಚದ ತುದಿಗೆ ಕುಸಿದು ಕೂತರು.

"ಬೇಕಂತಲೇ ಬಚ್ಚಿಟ್ಟ ಅಂತಾರೆ" ಎಂದರು ಮೆಲ್ಲಗೆ.

ಫೈಲಮ್ಮನ ಎದೆಯಲ್ಲೂ ಅಳುಕಿತ್ತು. ಕೆಳಗೆ ಟೈಲರಮ್ಮ ಕಾಯುತ್ತಿದ್ದಳು, ಡಾಕ್ಟರ ನೋಟಿಸಿನ ಕರಡು ಮನೆಯ ಮೇಜಿನ ಮೇಲೇ ಇತ್ತು. ಆದರೂ ಅದನ್ನು ತೋರಗೊಡದೆ, "ಕಾಗದಕ್ಕೆ ಕಾಲಿಲ್ಲ ಸರ್. ಯಾರೋ ಎತ್ತಿಟ್ಟಿರ್ತಾರೆ ಅಷ್ಟೆ. ಹೇಗಿತ್ತು ಅದು?" ಎಂದು ಕೇಳಿದರು.

"ದೊಡ್ಡದು. ದಪ್ಪ ಬಿಳಿ ಹಾಳೆ, ನೀಲಿ ಗೆರೆ."

ಬಾಗಿಲ ಬಳಿ ಚಹಾ ಹಿಡಿದು ನಿಂತಿದ್ದ ಅವರ ಹೆಂಡತಿ ಲೋಟಗಳನ್ನು ಕೆಳಗಿಟ್ಟು, "ರೀ... ಬೈಯ್ಬಾರ್ದು" ಎಂದರು.

ಮೂವರೂ ಅಡುಗೆಮನೆಗೆ ಹೋದರು. ಎಂದೋ ಸುಣ್ಣಬಣ್ಣ ಮಾಡಿಸಿದಾಗ ಬೀರುವಿನಿಂದ ಎಲ್ಲವನ್ನೂ ಕೆಳಗಿಳಿಸಿದ್ದರು. ಆಗ ನೆಲದ ಮೇಲೆ ಬಿದ್ದಿದ್ದ ಗಟ್ಟಿ ಕಾಗದವನ್ನು ಆ ಹೆಂಗಸು ರದ್ದಿಯೆಂದುಕೊಂಡು ಎತ್ತಿಕೊಂಡಿದ್ದರು. ಈಗ ಶೆಲ್ಫಿನಿಂದ ಸಕ್ಕರೆ, ಬೇಳೆ, ಹಿಟ್ಟಿನ ಡಬ್ಬಗಳನ್ನು ಒಂದೊಂದಾಗಿ ಇಳಿಸಿದರು. ಅಡಿಯಲ್ಲಿ ಬಿಳಿ ಬೆನ್ನು ಮೇಲಾಗಿ ಹಾಸಿದ್ದ ಹಾಳೆಯನ್ನು ತಿರುಗಿಸಿದರೆ ಕಟ್ಟಡದ ಪೈಪುಗಳೆಲ್ಲ ನೀಲಿ ಗೆರೆಯಲ್ಲಿ ಮಲಗಿದ್ದವು.

"ಕಂಕುಳಲ್ಲಿ ಮಗು ಇಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು" ಎಂದು ಪೋಸ್ಟ್ ಮಾಸ್ಟರು ಗೋಡೆಗೆ ಒರಗಿದರು. ಹೆಂಡತಿಗೆ ಬೈಯಲಿಲ್ಲ. ಕಣ್ಣು ಮಾತ್ರ ತೇವವಾಗಿತ್ತು. "ಇದನ್ನ ಪಟ್ಟಿಯಲ್ಲಿ ಏನಂತ ಬರೀತೀರಿ ತಾಯಿ?"

ಫೈಲಮ್ಮ ಪೆನ್ನು ತೆಗೆದು ಬರೆದು ಓದಿದರು: "ಹಾಳೆ ಏಳು. ಸ್ಥಿತಿ ಉತ್ತಮ. ಎಣ್ಣೆ ಕಲೆ ಎರಡು."

"ಎಲ್ಲಿ ಸಿಕ್ತು ಅಂತ?"

"ಅದಕ್ಕೆ ಕಾಲಂ ಇಲ್ಲ ಸರ್."

ಮಿಕ್ಕದ್ದನ್ನು ಅಂದೇ ಪಟ್ಟಿಗೆ ಸೇರಿಸಿ ಮುಗಿಸಿದರು. ಡಾಕ್ಟರನ್ನು ಮೂರನೇ ಮಹಡಿಗೆ ಹತ್ತಿಸಿದ್ದು ಮಾತ್ರ ನಕ್ಷೆ ಹುಡುಕಿದ್ದಕ್ಕಿಂತ ಕಷ್ಟದ ಕೆಲಸ. "ನಾನ್ಯಾಕೆ ಹೋಗ್ಬೇಕು?" ಎಂದು ಅವರು ಮೊಂಡು ಹಿಡಿದರು. "ತಗೊಳ್ಳೋರು ನೀವು ತಾನೇ? ಹಲ್ಲು ನೋವು ಅಂದ್ರೆ ಹಲ್ಲನ್ನ ಚೀಲದಲ್ಲಿ ಹಾಕಿ ಕಳಿಸೋಕಾಗುತ್ತಾ ಡಾಕ್ಟ್ರೇ? ಬಾಯಿ ತಗೊಂಡು ನಾವೇ ಬರಲ್ವಾ?" ಎಂದರು ಫೈಲಮ್ಮ. ಡಾಕ್ಟರು ಸೋತು ನಕ್ಕು ಹೊರಟರು. ನಲವತ್ತೊಂದು ಕಡತ, ಹದಿನಾಲ್ಕು ಪುಟದ ಪಟ್ಟಿ. ಪ್ರತಿ ಪುಟಕ್ಕೂ ಇಬ್ಬರೂ ಸಹಿ ಹಾಕಿದರು. ಡಾಕ್ಟರು ಎದ್ದು ನಿಂತು, "ಅವತ್ತು ಹಾಗೆ ಕಳಿಸಬಾರ್ದಿತ್ತು ಸರ್" ಎಂದರು. ಪೋಸ್ಟ್ ಮಾಸ್ಟರು "ಆಯ್ತು, ಕೂತ್ಕೊಳ್ಳಿ" ಎಂದರು, ಅಷ್ಟೇ.

ಮರುದಿನ ಪ್ಲಂಬರ್ ನಕ್ಷೆ ಹರಡಿ ಅಳೆದು, ಗೋಡೆಯಲ್ಲಿ ತಟ್ಟೆಯಗಲದ ಒಂದೇ ತೂತು ಕೊರೆದ. ಒಡೆದ ಪೈಪು ಅಲ್ಲೇ ಸಿಕ್ಕಿತು. ಎರಡು ವಾರದಲ್ಲಿ ಗೋಡೆ ಒಣಗಿ ಟೈಲರಮ್ಮನಿಗೆ ಮಂಚ ವಾಪಸ್ಸು ಸಿಕ್ಕಿತು.

ಪೋಸ್ಟ್ ಮಾಸ್ಟರನ್ನು ಮತ್ತೆ ಸಮಿತಿಗೆ ಬನ್ನಿ ಎಂದು ಫೈಲಮ್ಮ ಕರೆದರು. ಅವರು ಒಪ್ಪಲಿಲ್ಲ, ಇಂದಿಗೂ ಒಪ್ಪಿಲ್ಲ. ಆದರೆ ಸಂಜೆ ಫೈಲಮ್ಮನ ಯಜಮಾನರ ಜೊತೆ ವಾಕಿಂಗ್ ಹೋಗುತ್ತಾರೆ. ಇಬ್ಬರೂ ಹೆಂಡತಿಯರ ಮೇಲೆ ದೂರು ಹೇಳಿಕೊಂಡು ಉದ್ಯಾನಕ್ಕೆ ನಾಲ್ಕು ಸುತ್ತು ಹಾಕುತ್ತಾರೆ.