ಆನೆ ಬಂದ ಆಯುಧಪೂಜೆ

ಲೊಕ್ಕನಹಳ್ಳಿಯ ನಮ್ಮ ಮನೆಯ ಮೂಲೆಯಲ್ಲಿ ಒಂದು ಕಂಪ್ಯೂಟರ್ ಇದೆ. ಕಾಡಂಚಿನಲ್ಲಿ ಕಾವಲಿರುವವರು ಆನೆ ಕಂಡ ಕೂಡಲೇ ಅದಕ್ಕೆ ಮೆಸೇಜ್ ಹಾಕುತ್ತಾರೆ. ಹೊಲಗಳಲ್ಲಿರುವವರಿಗೆಲ್ಲ ಅದು ತಾನೇ ಫೋನ್ ಮಾಡುತ್ತದೆ. ಕಟ್ಟಿದವನು ನಾನು. ಒಳಗೆ ಮೂರು ಕಂಟೇನರ್, ಅಂದರೆ ಬೇರೆಬೇರೆಯಾಗಿ ಓಡುವ ಮೂರು ಪುಟ್ಟ ಪ್ರೋಗ್ರಾಮು: ಮೆಸೇಜ್ ತೆಗೆದುಕೊಳ್ಳುವುದು ಒಂದು, ನಂಬರು ಇಟ್ಟುಕೊಳ್ಳುವುದು ಒಂದು, ಫೋನ್ ಮಾಡುವುದು ಒಂದು. ಮೂರನ್ನೂ ಒಂದೇ ಫೈಲಿನಲ್ಲಿ ಬರೆದಿಟ್ಟಿದ್ದೆ. ಒಂದು ಆಜ್ಞೆಗೆ ಮೂರೂ ಏಳುತ್ತವೆ, ಇನ್ನೊಂದಕ್ಕೆ ಮೂರೂ ಮಲಗುತ್ತವೆ. ನನಗೆ ಅದರ ಜಂಬ ಬೇರೆ.

ಹೋದ ವರ್ಷ ಆಯುಧಪೂಜೆಯ ಮಧ್ಯಾಹ್ನ ಅವ್ವ ಕುಂಕುಮದ ಬಟ್ಟಲು ಹಿಡಿದು ಬಂದಳು.

"ಪೂಜೆ ಒತ್ನಲ್ಲಿ ಮಿಷಿನ್ನು ಓಡ್ಬಾರ್ದು ಕಣ್ಲಾ, ಆರ್ಸು. ಅದೂ ವಸಿ ಸುದಾರಿಸ್ಕಳ್ಳಿ."

ನಮ್ಮಲ್ಲಿ ಅಂದು ಯಾರೂ ನೇಗಿಲು ಕೂಡ ಕಟ್ಟುವುದಿಲ್ಲ, ವಾದ ಮಾಡಿ ಏನು ಬಂತು? ಮಲಗಿಸಿದೆ. ಕುಡುಗೋಲು, ಮಚ್ಚು, ಬೈಕು, ಕಂಪ್ಯೂಟರ್, ಎಲ್ಲಕ್ಕೂ ಬೊಟ್ಟು ಬಿತ್ತು. ಮಂಗಳಾರತಿ ಆದ ಮೇಲೆ ಎಬ್ಬಿಸಿದೆ. ಮೂರೂ ಶುರುವಾದವೆಂದು ಪರದೆ ಹೇಳಿತು. ನಾನು ಒಬ್ಬಟ್ಟಿನ ಕಡೆ ಹೋದೆ, ಅಣ್ಣ ಜೋಳದ ಹೊಲ ಕಾಯಲು ಹೋದ.

ಸಂಜೆ ಸುಮ್ಮನೆ ಪರದೆ ನೋಡಿದೆ. ಆನೆ ಹೊರಬಿದ್ದಿದೆ, ನಮ್ಮ ಹೊಲದ ದಿಕ್ಕಿಗೇ ಬರುತ್ತಿದೆ ಎಂದು ಮೆಸೇಜ್ ಬಂದು ಕೂತಿದೆ. ಒಬ್ಬರಿಗೂ ಫೋನ್ ಹೋಗಿಲ್ಲ! ನಂಬರಿನ ಕಂಟೇನರ್ ಇನ್ನೂ ಕಣ್ಣುಜ್ಜುತ್ತಿರುವಾಗಲೇ ಫೋನಿನದು ಎದ್ದು ನಂಬರು ಕೇಳಿದೆ. ಉತ್ತರ ಬಾರದೆ ಅಲ್ಲೇ ನಿಂತುಹೋಗಿದೆ. ಯಾವುದರ ಹಿಂದೆ ಯಾವುದು ಏಳಬೇಕೆಂದು ಫೈಲಿನಲ್ಲಿ ಇರಲೇ ಇಲ್ಲ. ಫೋನಿನದನ್ನು ಮತ್ತೆ ಎಬ್ಬಿಸಿದೆ. ಕರೆಗಳು ಹೊರಟವು.

ಅಣ್ಣನ ಫೋನು ನಮ್ಮ ದೇವರ ಮನೆಯಲ್ಲಿ ರಿಂಗಾಯಿತು.

ಹೂವಿನ ಕೆಳಗೆ, ಕುಂಕುಮ ಮೆತ್ತಿಕೊಂಡು, ಅದು ಹೊಡೆದುಕೊಳ್ಳುತ್ತಲೇ ಇತ್ತು. "ಅಯ್ಯೋ, ಪೂಜೆಗೆ ನಾನೇ ಮಡಗಿದ್ದೆ ಕಣ್ಲಾ, ಅವ್ನೂ ಮರ್ತು ಓಗವ್ನೆ," ಎಂದಳು ಅವ್ವ.

ಬೈಕು ಹೇಗೆ ಓಡಿಸಿದೆನೋ ಗೊತ್ತಿಲ್ಲ. ಕರೆ ಸಿಕ್ಕಿದ ಅಕ್ಕಪಕ್ಕದ ಹೊಲದವರು ಆಗಲೇ ತಮಟೆ ಬಡಿದು, ಪಟಾಕಿ ಸಿಡಿಸಿ ಆನೆಯನ್ನು ಹಿಂದಕ್ಕಟ್ಟಿದ್ದರು. ಅಣ್ಣ ಕಾವಲಿನ ಅಟ್ಟಣೆಯಿಂದ ಇಳಿಯುತ್ತಿದ್ದ.

"ಕೆಳಗೇ ನಿಂತಿತ್ತು ಕಣ್ಲಾ. ನಿನ್ ಮಿಷಿನ್ನು ಎಲ್ರುನ್ನೂ ಕೂಗ್ತಂತೆ, ನನ್ನ ಯಾಕ್ಲಾ ಕೂಗ್ನಿಲ್ಲ?"

ಈಗ ಫೈಲಿನಲ್ಲಿ ಸರದಿ ಇದೆ: ನಂಬರಿನದು ಸಿದ್ಧವಾಗುವ ತನಕ ಫೋನಿನದು ಏಳುವುದಿಲ್ಲ. ಈ ವರ್ಷ ಪೂಜೆ ಮುಗಿದ ಕೂಡಲೇ ಕೀಬೋರ್ಡಿಗೆ ಕೈ ಹಾಕಿದೆ. ಅವ್ವ "ತಡಿ" ಎಂದಳು. ಅಣ್ಣನ ಫೋನಿನ ಕುಂಕುಮವನ್ನು ಸೆರಗಿನಲ್ಲಿ ಒರೆಸಿ, ಅದನ್ನು ಅವನ ಜೇಬಿಗೆ ತುರುಕಿ, ಆಮೇಲೆ ನನ್ನ ಕಡೆ ತಿರುಗಿದಳು.

"ಈಗ ಎಬ್ಸು."